ಬೊಕ್ಕ?

ಇಪ್ಪತ್ತೆರಡು ವರ್ಷ ನಾನು ಬೀಡಿ ಬ್ರಾಂಚಿನ ಚೆಕ್ಕರ್.
ಕಟ್ಟೊಂದಕ್ಕೆ ಇಪ್ಪತ್ತೈದು;
ಕಣ್ಣು ಮುಚ್ಚಿ ಹೆಬ್ಬೆರಳಾಡಿಸಿದರೆ ಸಾಕು,
ಯಾವುದರ ಹೊಟ್ಟೆ ಖಾಲಿ, ಯಾವ ನೂಲು ಸಡಿಲ,
ಬೆರಳೇ ಹೇಳುತ್ತದೆ ಅಂತ ಕೊಚ್ಚಿಕೊಳ್ಳುತ್ತಿದ್ದೆ,
ತೊಕ್ಕೊಟ್ಟಿನ ಕ್ಷೌರದಂಗಡಿಯಲ್ಲೂ
ಮದುವೆಯೂಟದ ಸಾಲಿನಲ್ಲೂ.

ಬೆರಳಿಗೆ ಜಾತಿ ಇಲ್ಲ ಅಂತಲೂ ಹೇಳಿದ್ದೆ.
ಯಾರೂ ಕೇಳಿರಲಿಲ್ಲ.

ಬುಧವಾರ ಬೀಪಾತುವಿನ ಬುಟ್ಟಿ ಬಂದರೆ
ಎಂಟು ಹತ್ತು ಹೆಚ್ಚು ಮುರಿಯುತ್ತಿದ್ದೆ.
ಲೆಕ್ಕ ಇಟ್ಟು ಮುರಿದದ್ದಲ್ಲ.
ಹೊಟ್ಟೆಯೊಳಗೆ ಏನೋ ಇತ್ತು, ಅದು ಮೊಣಕೈಗಿಳಿದು
ಬೆರಳ ತುದಿಗೆ ಬರುವಾಗ
"ಎಲೆ ಸರಿ ಇಲ್ಲ" ಅಂತಾಗುತ್ತಿತ್ತು.
ಅವಳು ತಲೆಯ ವಸ್ತ್ರ ಸರಿಮಾಡಿಕೊಂಡು
ಚೂರುಗಳನ್ನು ನೋಡುತ್ತಿದ್ದಳು,
ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ನೋಡುವ ಹಾಗೆ.

ಗಲಾಟೆಯ ತಿಂಗಳದು. ಸಂಜೆ ಆರಕ್ಕೇ ಶಟರ್.
ನೇತ್ರಾವತಿ ಸಂಕದ ತುದಿಯಲ್ಲಿ ಪೊಲೀಸರ ಮರದ ಬೆಂಚು.
ಗುಲಾಬಿಯ ಮನೆಗೂ ಬೀಪಾತುವಿನ ಮನೆಗೂ ನಡುವೆ
ಒಂದು ದರೆ, ಒಂದು ಬಾವಿ, ಎರಡು ಪೇರಳೆ ಮರ.
ಆ ದಾರಿಯಲ್ಲಿ ಹುಲ್ಲು ಬೆಳೆದಿತ್ತು.

ಒಂದು ದಿನ ಗುಲಾಬಿಗೆ ಎಲೆ ಸಾಲದೆ ಬಂತು.
ದರೆಯ ಈಚೆಯಿಂದಲೇ ಕೂಗಿದಳು:
"ಬೀಪಾತೂ, ಇನ್ನೂರು ಗ್ರಾಂ ಎಲೆ ಉಂಟಾ?"
ಉತ್ತರ ಬರಲು ಎಷ್ಟು ಹೊತ್ತಾಯಿತೆಂದು
ಗುಲಾಬಿ ಈಗಲೂ ಹೇಳುವುದಿಲ್ಲ.
ಎಲೆ ಬಂತು, ಒದ್ದೆ ಗೋಣಿಯಲ್ಲಿ ಸುತ್ತಿ.
ಎಲೆಯ ಹಿಂದೆ ಮಾತು,
ಮಾತಿನ ನಡುವೆ ನನ್ನ ಬೆರಳು.
"ನನ್ನದು ಮುರೀತಾರೆ, ನಿನ್ನದಿಲ್ಲ" ಅಂದಳಂತೆ ಅವಳು.
"ನಿನ್ನ ಕೈ ಒರಟು" ಅಂದಳಂತೆ ಇವಳು.
ಅಲ್ಲಿಗೆ ಜಗಳ. ಪೇರಳೆ ಮರದ ಬುಡದಲ್ಲಿ ಒಳ್ಳೆಯ ಜಗಳ,
ತುಳುವಲ್ಲಿ ಅರ್ಧ, ಬ್ಯಾರಿಯಲ್ಲಿ ಅರ್ಧ.

ಮುಂದಿನ ಬುಧವಾರ ಬುಟ್ಟಿ ಅದಲುಬದಲು.
ನನಗೆ ಗೊತ್ತಿಲ್ಲ.
ಬೀಪಾತು ಇಟ್ಟ ಬುಟ್ಟಿಯಲ್ಲಿ ಒಂಬತ್ತು ಮುರಿದೆ.
ಗುಲಾಬಿ ಇಟ್ಟದ್ದರಲ್ಲಿ ಒಂದು, ಅದೂ ಶಾಸ್ತ್ರಕ್ಕೆ.
ಗುಲಾಬಿ ನನ್ನ ಸೋದರತ್ತೆಯ ಮಗಳು ಮಾರಾಯ್ರೆ.
ಒಂಬತ್ತನ್ನೂ ಮಡಿಲಿಗೆ ಹಾಕಿಕೊಂಡು
"ವಾಮಣ್ಣ, ಇದು ನಾನು ಕಟ್ಟಿದ್ದು" ಅಂದಳು.

ತಕ್ಕಡಿಯ ತಟ್ಟೆಯಲ್ಲಿ ನೊಣವೊಂದು ಕೂತು ಎದ್ದಿತು.
ಸಾಲಿನಲ್ಲಿದ್ದ ಹದಿನೇಳು ಹೆಂಗಸರಲ್ಲಿ
ಒಬ್ಬರೂ ನಗಲಿಲ್ಲ.

ಧಣಿಗೆ ಫೋನು ಮಾಡಬಹುದಿತ್ತು. ಎದ್ದು ಹೋಗಬಹುದಿತ್ತು.
ಬೀಪಾತು ಬೆಂಚಿನ ಧೂಳು ಕೊಡವಿ ಕೂತು
ಮೊದಲ ಸಲ ನನ್ನೊಡನೆ ಮಾತಾಡಿದಳು:
"ನಿಮಗೇನಾಗಿದೆ?"
ಬೈಗುಳವಾಗಿದ್ದರೆ ತಿರುಗಿ ಬೈಯುತ್ತಿದ್ದೆ.
ಲೆಕ್ಕ ತಪ್ಪಿದ ಹುಡುಗನನ್ನು ಕೇಳುವ ಹಾಗಿತ್ತು ಅದು,
ಸುಮ್ಮನಿರಲಾಗಲಿಲ್ಲ.

ಹೇಳಿದೆ. ನನ್ನ ಭಾವನ ಅಂಗಡಿ, ಒಡೆದ ಗಾಜು,
ಅವನ ಹಣೆಯ ಹನ್ನೊಂದು ಹೊಲಿಗೆ.
"ಬೊಕ್ಕ?" ಅಂದಳು.
ಆಮೇಲೇನು? ಆಮೇಲೆ ನಾನು ಎಲ್ಲರನ್ನೂ...
"ಬೊಕ್ಕ?"
ತುಳುವಿನ ಈ ಎರಡಕ್ಷರ ವಿಚಿತ್ರ.
ಮುಗಿಯಿತು ಅಂದುಕೊಂಡ ಕತೆಯ ಬಾಗಿಲಿಗೆ
ಕಾಲು ಕೊಟ್ಟು ನಿಲ್ಲುತ್ತದೆ, ಮುಚ್ಚಗೊಡುವುದಿಲ್ಲ.
ನನ್ನ ಕತೆ ಎಳೆದಷ್ಟೂ ತೆಳ್ಳಗಾಗಿ
ಬೀಪಾತುವಿನ ಹತ್ತಿರ ಬಂದಾಗ ನೂಲೇ ಇರಲಿಲ್ಲ.
ಕಲ್ಲೆಸೆದವನ ಹೆಸರು ನನಗೆ ಗೊತ್ತಿಲ್ಲ.
ಅವಳ ಹೆಸರು ಗೊತ್ತಿತ್ತು, ಅಷ್ಟೇ.

ನನ್ನ ಸರದಿ ಬಂತು. ನಾಲಿಗೆ ಒಣಗಿತ್ತು.
"ಬೊಕ್ಕ?" ಅಂದೆ.
ಅವಳ ಮಗನನ್ನು ಮೀನಿನ ಲಾರಿಯಿಂದ ಇಳಿಸಿ ನಲವತ್ತು ದಿನ.
ಶಾಲೆಯಲ್ಲಿ ಮೊಮ್ಮಗಳ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ.
ಬುಧವಾರ ಬುಧವಾರ ಮುರಿದದ್ದು
ತಿಂಗಳ ಕೊನೆಗೆ ಎಷ್ಟು ಸೇರು ಅಕ್ಕಿ ಎಂದು
ಅವಳಿಗೆ ಬಾಯಿಪಾಠ.

ನಾನು ಒಳ್ಳೆಯವನಾದೆ ಅಂತ ಅಲ್ಲ.
ಈಗಲೂ ಬೆರಳು ಒಂದು ಗಳಿಗೆ ತಡೆದು
ಹಳೆಯ ದಾರಿ ಹುಡುಕುತ್ತದೆ.
ಅದಕ್ಕೇ ಹೆಂಗಸರು ನಿಯಮ ಮಾಡಿದ್ದಾರೆ:
ಬುಟ್ಟಿ ಒಳಗೆ ಬರುವಾಗ ಹೆಸರಿಲ್ಲ,
ಮುರಿದರೆ ಕಾರಣ ಹೇಳಬೇಕು, ಹೊರಗಿನ ಜಗಲಿಗೂ ಕೇಳುವಷ್ಟು ಗಟ್ಟಿ.

ನಿನ್ನೆ ಒಂದು ಬೀಡಿ ಎತ್ತಿ ಹಿಡಿದು
"ನೂಲು ಸಡಿಲ" ಅಂದೆ.
ಸಾಲಿನ ಹಿಂದಿನಿಂದ, ಬೀಪಾತುವೋ ಗುಲಾಬಿಯೋ,
ದನಿ ಗುರುತಾಗಲಿಲ್ಲ:
"ಬೊಕ್ಕ?"